ರಕ್ತದ ಹನಿಯಲ್ಲಿ ಸಕ್ಕರೆಯನ್ನಷ್ಟೇ ನೋಡಿದರೆ ಸಾಲದು

ಕೆಂಗೇರಿ ಉಪನಗರದ ಮೆಡಿಕಲ್ ಶಾಪ್‌ಗಳಲ್ಲಿ ಈಗ ಗ್ಲುಕೋಮೀಟರ್ ಜ್ವರದ ಮಾತ್ರೆಯಷ್ಟೇ ಸಲೀಸಾಗಿ ಸಿಗುತ್ತದೆ. ಕೊಳ್ಳುವವರು ಮೀಟರನ್ನು ತಿರುಗಿಸಿ ನೋಡುತ್ತಾರೆ. ಆದರೆ ನಿಜವಾದ ಕೆಲಸ ನಡೆಯುವುದು ಒಮ್ಮೆ ಬಳಸಿ ಎಸೆಯುವ ಸ್ಟ್ರಿಪ್‌ನಲ್ಲಿ.

ಅದರ ತುದಿಯಲ್ಲಿ ಒಣಗಿಸಿಟ್ಟ ಕಿಣ್ವದ ತೆಳು ಪದರವಿದೆ. ರಕ್ತದಲ್ಲಿರುವ ಅಸಂಖ್ಯ ಅಣುಗಳ ನಡುವೆ ಗ್ಲುಕೋಸನ್ನು ಗುರುತಿಸಿ, ಅದರಿಂದ ಇಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವುದು ಈ ಕಿಣ್ವದ ಕೆಲಸ. ಜೊತೆಗಿರುವ ಇನ್ನೊಂದು ರಾಸಾಯನಿಕ ಅವನ್ನು ವಿದ್ಯುದ್ವಾರಕ್ಕೆ ಮುಟ್ಟಿಸುತ್ತದೆ. ಗ್ಲುಕೋಸ್ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಹರಿಯುತ್ತದೆ. ಮೀಟರು ಅದನ್ನೇ ಅಂಕಿಯಾಗಿಸುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಒಂದು ಮೈಕ್ರೋಲೀಟರಿನಷ್ಟು ರಕ್ತ ಸಾಕು. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಉಪಾಯವನ್ನು 1962ರಲ್ಲಿ ಮುಂದಿಟ್ಟವರು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್. 1987ರ ಹೊತ್ತಿಗೆ ಅದು ಪೆನ್ನಿನಷ್ಟು ಚಿಕ್ಕ ಮೀಟರಾಗಿ ಮಾರುಕಟ್ಟೆಗೆ ಬಂತು. ಲ್ಯಾಕ್ಟೇಟ್, ಯೂರಿಯಾ, ಯೂರಿಕ್ ಆಮ್ಲಗಳಿಗೂ ಅವುಗಳದೇ ಆದ ಕಿಣ್ವಗಳಿವೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮಾತ್ರ ಹಟಮಾರಿ. ಅದನ್ನು ಅಳೆಯುವ ಪ್ರಚಲಿತ ಕಿಣ್ವ ವಿಧಾನಕ್ಕೆ ಸರದಿಯಲ್ಲಿ ಮೂರು ಕಿಣ್ವಗಳು ಬೇಕು.

ಕಿಣ್ವ ಎಷ್ಟೇ ಚುರುಕಾಗಿದ್ದರೂ ಗ್ಲುಕೋಸ್ ಅದರ ಬಳಿಗೆ ಬಂದು ಸೇರಬೇಕಲ್ಲ! ದಾರಿಗೆ ಅಡ್ಡವಾಗಿ ಕೆಂಪು ರಕ್ತಕಣಗಳಿರುತ್ತವೆ. ರಕ್ತಹೀನತೆ ಇದ್ದವರಲ್ಲಿ ಈ ಕಣಗಳು ಕಡಿಮೆ. ಹಾಗಾಗಿ ಗ್ಲುಕೋಸ್ ಬೇಗ ತಲುಪುತ್ತದೆ, ಅನೇಕ ಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಕಡಿಮೆ ಸಕ್ಕರೆಯ ಅಪಾಯ ಹೀಗೆ ಮರೆಯಾಗಬಹುದು. ಈ ವ್ಯತ್ಯಾಸವನ್ನು ತಾವೇ ಸರಿಪಡಿಸಿಕೊಳ್ಳುವ ಮೀಟರುಗಳು ಬಂದಿವೆ, ಎಲ್ಲವೂ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮಲ್ಲಿ ಸಕ್ಕರೆಯ ಅಂಕಿಯನ್ನು ಹೀಮೊಗ್ಲೋಬಿನ್ ಬಿಟ್ಟು ಓದುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ನನಗೆ ಮುಖ್ಯವೆನಿಸುವುದು ನಮ್ಮ ಊರಿನದೇ ಒಂದು ಪ್ರಯತ್ನ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ಸಂಗಡಿಗರ ಸಂಶೋಧನೆಯಿಂದ ಹುಟ್ಟಿದ ಪಾತ್‌ಶೋಧ್ ಕಂಪನಿ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವೊಂದನ್ನು ರೂಪಿಸಿದೆ. ಜೈವಿಕ ಸಂವೇದಕಗಳ ಕೆಲಸಕ್ಕಾಗಿ ಭಟ್ಟರಿಗೆ 2018ರ ಇನ್ಫೋಸಿಸ್ ಪ್ರಶಸ್ತಿಯೂ ಸಂದಿದೆ. ಬಿಸಿಲು, ತೇವಕ್ಕೆ ಕಿಣ್ವಗಳು ಬೇಗ ಸೋಲುತ್ತವೆ. ಆದ್ದರಿಂದ ಈ ತಂಡ ಕೆಲವು ಪರೀಕ್ಷೆಗಳಿಗೆ ಕಿಣ್ವದ ಬದಲು ಗುರಿಯ ಅಣುವನ್ನು ಹಿಡಿಯಬಲ್ಲ ರಾಸಾಯನಿಕಗಳನ್ನೇ ಬಳಸಿತು. ಗ್ಲುಕೋಸ್, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ಎಲ್ಲಕ್ಕೂ ಒಂದೇ ಉಪಕರಣ. ಹೀಮೊಗ್ಲೋಬಿನ್ ಕೂಡ ಅದರಲ್ಲೇ ಅಳೆಯಬಹುದು.