ಹಲ್ಲಿ: ನಂಬಿಕೆಯೇನು, ನಿಜವೇನು?

ಭಟ್ಕಳ, ಹೊನ್ನಾವರ, ಕುಮಟಾದ ಹಂಚಿನ ಮನೆಗಳಲ್ಲಿ ಹಲ್ಲಿಯಿಲ್ಲದ ಜಂತಿ ಅಪರೂಪ. ಆದರೂ ಅದರ ಬಗ್ಗೆ ನಮಗೆ ಗೊತ್ತಿರುವುದಕ್ಕಿಂತ ಭಯವೇ ಹೆಚ್ಚು.

ತಪ್ಪು ಕಲ್ಪನೆ: ಹಲ್ಲಿಯ ಮೈಯೆಲ್ಲ ವಿಷ.
ಸತ್ಯ: ಹಲ್ಲಿಗೆ ವಿಷಗ್ರಂಥಿಯೇ ಇಲ್ಲ. ಆದರೆ ಅದರ ಕರುಳು ಮತ್ತು ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಅದರಿಂದ ವಾಂತಿ-ಭೇದಿ ಆಗಬಹುದು. ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲಿ. ಪಾತ್ರೆಗೆ ಮುಚ್ಚಳ ಹಾಕಿಡಿ. ಹಲ್ಲಿಯನ್ನು ಕೊಲ್ಲಬೇಕಿಲ್ಲ.

ತಪ್ಪು ಕಲ್ಪನೆ: ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ.
ಸತ್ಯ: ಅದು ಹಲ್ಲಿ ಹಲ್ಲಿಗೆ ಹೇಳುವ ಮಾತು. ಗಂಡು ತನ್ನ ಜಾಗ ಸಾರಲು, ಹೆಣ್ಣನ್ನು ಕರೆಯಲು ಹಾಗೆ ಕೂಗುತ್ತದೆ. ಮೈಮೇಲೆ ಬಿದ್ದರೂ ಫಲಾಫಲವಿಲ್ಲ. ಜಗಳದಲ್ಲೋ ಬೇಟೆಯಲ್ಲೋ ಹಿಡಿತ ತಪ್ಪಿರುತ್ತದೆ, ಅಷ್ಟೆ.

ತಪ್ಪು ಕಲ್ಪನೆ: ಕಾಲಿನ ಅಂಟಿನಿಂದ ಗೋಡೆ ಹತ್ತುತ್ತದೆ.
ಸತ್ಯ: ಅಂಟಿಲ್ಲ. ಬೆರಳಡಿಯಲ್ಲಿ ಲಕ್ಷಾಂತರ ಸೂಕ್ಷ್ಮ ರೋಮಗಳಿವೆ, ಒಂದೊಂದರ ತುದಿಯೂ ನೂರಾರು ಕವಲು. ಈ ತುದಿಗಳಿಗೂ ಗೋಡೆಗೂ ನಡುವಿನ ಅಣುಗಳ ಸೆಳೆತವೇ ಹಿಡಿತ ಎಂದು ಅಮೆರಿಕದ ವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು.

ತಪ್ಪು ಕಲ್ಪನೆ: ಹಲ್ಲಿಗಳೆಲ್ಲ ಒಂದೇ ಜಾತಿ.
ಸತ್ಯ: ಮನೆಹಲ್ಲಿಗಿಂತ ಬಹಳ ದೊಡ್ಡದಾದ ಪ್ರಶಾದ್ ಹಲ್ಲಿಯನ್ನು ಸರೀಸೃಪ ತಜ್ಞ ಮಾಲ್ಕಮ್ ಸ್ಮಿತ್ 1935ರಲ್ಲಿ ಜಗತ್ತಿಗೆ ಪರಿಚಯಿಸಿದ್ದು ಶರಾವತಿ ಧುಮುಕುವ ಜೋಗದ ಸುತ್ತಲಿನ ಮಾದರಿಯಿಂದ. ಘಟ್ಟದ ಬಂಡೆಗಳಲ್ಲಿ ದುಂಡು ಪಾಪೆಯ, ಹಗಲಲ್ಲಿ ಓಡಾಡುವ ಪುಟ್ಟ ಹಲ್ಲಿಗಳೂ ಇವೆ.

ತಪ್ಪು ಕಲ್ಪನೆ: ಸಮುದ್ರ ದಾಟಿ ಹಲ್ಲಿ ನಡುಗಡ್ಡೆ ಸೇರಲಾರದು.
ಸತ್ಯ: ಮನೆಹಲ್ಲಿಯ ಮೊಟ್ಟೆಗೆ ಗಟ್ಟಿ ಚಿಪ್ಪು. ಮರದ ಸಂದಿನಲ್ಲಿಟ್ಟ ಮೊಟ್ಟೆ ತೇಲುವ ದಿಮ್ಮಿಯ ಜೊತೆ, ದೋಣಿಯ ಸಾಮಾನಿನ ಜೊತೆ ದೂರ ಹೋಗಬಲ್ಲದು. ಮನೆಹಲ್ಲಿ ಹೀಗೆಯೇ ಹಡಗುಗಳಲ್ಲಿ ಶಾಂತಸಾಗರದ ದ್ವೀಪಗಳವರೆಗೆ ಹರಡಿದೆ. ಹೀಗೆ ಬಂದು ಬೇರ್ಪಟ್ಟ ಹಲ್ಲಿಗಳು ಬಹುಕಾಲದಲ್ಲಿ ಹೊಸ ಜಾತಿಯೇ ಆಗುವುದುಂಟು. ದ್ವೀಪದ ಹಲ್ಲಿಗಳಲ್ಲಿ ತೀರ ಪುಟ್ಟವೂ ಇವೆ: ಡೊಮಿನಿಕನ್ ಗಣರಾಜ್ಯದ ಬೆಯಾಟಾ ದ್ವೀಪದಿಂದ 2001ರಲ್ಲಿ ವಿವರಿಸಿದ ಹಲ್ಲಿ, ಬಾಲ ಬಿಟ್ಟರೆ ಸುಮಾರು 16 ಮಿಲಿಮೀಟರ್ ಮಾತ್ರ.

ಬಂಡೆ, ನಡುಗಡ್ಡೆಗಳ ಇಂಥ ಹಲ್ಲಿಗಳಲ್ಲಿ ಹಲವು ಬಹಳ ಸಣ್ಣ ಜಾಗವನ್ನೇ ನೆಚ್ಚಿ ಬದುಕುತ್ತವೆ. ಒಂದು ಗುಡ್ಡದ ಕಲ್ಲು ಸಿಡಿಸಿದರೆ, ಒಂದು ನಡುಗಡ್ಡೆಯ ಪೊದೆ ಸುಟ್ಟರೆ ಒಂದು ಜಾತಿಯೇ ಅಳಿಯಬಹುದು. ಆದ್ದರಿಂದ ನಮ್ಮ ಕರಾವಳಿಯ ನೇತ್ರಾಣಿ ನಡುಗಡ್ಡೆಗೆ ಹೋದವರು ಕಲ್ಲು ಮಗುಚದಿರಲಿ, ಮನೆಯಲ್ಲಿರುವವರು ಸೊಳ್ಳೆ, ನುಸಿ ಹಿಡಿದು ತಿನ್ನುವ ಹಲ್ಲಿಯನ್ನು ಅದರ ಪಾಡಿಗೆ ಬಿಡಲಿ.