ಬೆಣ್ಣೆ ಬರುವ ಹದ

ಗೋಕುಲಾಷ್ಟಮಿಯ ಹೊತ್ತಿಗೆ ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು, ಚಕ್ಕುಲಿಗಳೊಡನೆ ಬೆಣ್ಣೆಯನ್ನೂ ಕೊಂಡೊಯ್ಯುವವರಲ್ಲಿ, ಬಾಲ್ಯದಲ್ಲಿ ಹಳ್ಳಿಯ ಮನೆಗಳಲ್ಲಿ ಕಡೆಗೋಲಿನ ಸದ್ದಿಗೆ ಎಚ್ಚರಗೊಳ್ಳುತ್ತಿದ್ದ ಹಿರಿಯರು ಇಂದಿಗೂ ಉಂಟು. ಉಡುಪಿಯ ಬಾಲಕೃಷ್ಣನು ಒಂದು ಕೈಯಲ್ಲಿ ಕಡೆಗೋಲನ್ನೂ ಇನ್ನೊಂದರಲ್ಲಿ ಹಗ್ಗವನ್ನೂ ಹಿಡಿದು ನಿಂತಿರುವನಷ್ಟೆ. ಆ ಕೋಲು, ಆ ಹಗ್ಗ ಎಷ್ಟೇ ಮುಖ್ಯವಾದರೂ, ಬೆಣ್ಣೆಯು ತೋಳಿನ ಬಲಕ್ಕಿಂತ ಮಿಗಿಲಾಗಿ ಶಾಖದ ಹದಕ್ಕೆ ಒಲಿಯುವ ವಸ್ತು.

ಹಾಲಿನ ಜಿಡ್ಡು ಅತಿ ಸೂಕ್ಷ್ಮವಾದ ಗೋಲಕಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಅವುಗಳ ಸರಾಸರಿ ವ್ಯಾಸವು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗ ಮಾತ್ರ. ಪ್ರೋಟೀನು ಮತ್ತು ಫಾಸ್ಫೋಲಿಪಿಡ್ಡುಗಳ ತೆಳುವಾದ ಪೊರೆಯೊಂದು ಪ್ರತಿಯೊಂದು ಗೋಲಕವನ್ನೂ ಆವರಿಸಿ, ಅವು ಒಂದರೊಡನೊಂದು ಬೆರೆಯದಂತೆ ಕಾಯುವುದು. ಹೆಪ್ಪಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸಿ ಮೊಸರನ್ನು ಸಿದ್ಧಪಡಿಸುವುವು. ಅವುಗಳಲ್ಲಿ ಕೆಲವು ಉತ್ಪಾದಿಸುವ ಡಯಾಸಿಟೈಲ್ ಎಂಬ ದ್ರವ್ಯವೇ ಮೊಸರು ಕಡೆದು ತೆಗೆದ ಬೆಣ್ಣೆಯ ವಿಶಿಷ್ಟ ಪರಿಮಳಕ್ಕೆ ಕಾರಣ.

ಹಗ್ಗದ ಎರಡು ತುದಿಗಳನ್ನು ಸರದಿಯಂತೆ ಎಳೆದಾಗ ಕಡೆಗೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುವುದರಿಂದ, ಮೊಸರು ಒಂದೇ ದಿಕ್ಕಿನಲ್ಲಿ ಸುತ್ತದೆ ಅಲ್ಲೋಲಕಲ್ಲೋಲವಾಗಿ, ಗಾಳಿಯ ಗುಳ್ಳೆಗಳು ಒಳಹೊಕ್ಕು, ಗೋಲಕಗಳು ಪರಸ್ಪರ ತಾಗುವುವು. ಜಿಡ್ಡು ಅರ್ಧ ಗಟ್ಟಿ, ಅರ್ಧ ದ್ರವವಾಗಿದ್ದಾಗ ಅದರ ಹರಳುಗಳು ಪೊರೆಯನ್ನು ಚುಚ್ಚಿ ಹೊರಚಾಚುವುವು. ದ್ರವರೂಪದ ಜಿಡ್ಡು ಅಂಟಾಗಿ ಗೋಲಕಗಳನ್ನು ಕೂಡಿಸುವುದು. ಸೆಖೆಯಲ್ಲಿ ಹರಳುಗಳು ಕರಗಿ ಬೆಣ್ಣೆ ಲೋಳೆಯಾಗುವುದು. ಕಡುಚಳಿಯಲ್ಲಿ ಅಂಟಿಗೆ ದ್ರವವೇ ಸಾಲದು. ಆದುದರಿಂದಲೇ ನಮ್ಮ ಅಜ್ಜಿಯರು ಬೆಳಗಿನ ಜಾವದಲ್ಲಿ ಕಡೆಯುತ್ತಿದ್ದರು, ಬೇಸಗೆಯಲ್ಲಿ ತಣ್ಣೀರನ್ನೂ ಮಾಗಿಯಲ್ಲಿ ಬಿಸಿನೀರನ್ನೂ ಬೆರೆಸುತ್ತಿದ್ದರು. ಸದ್ದು ಬದಲಾಗಿ ಕೋಲಿನ ಸುತ್ತ ರವೆಯಂಥ ಕಣಗಳು ಕಾಣಿಸಿಕೊಂಡೊಡನೆ ಕಡೆಯುವುದನ್ನು ನಿಲ್ಲಿಸುತ್ತಿದ್ದರು.

ಅಷ್ಟರಲ್ಲಿ ನೀರಿನೊಳಗಿದ್ದ ಜಿಡ್ಡಿನ ಸ್ಥಿತಿಯು ತಿರುವುಮುರುವಾಗಿ, ಜಿಡ್ಡಿನೊಳಗೆ ನೀರಿನ ಹನಿಗಳು ಸೆರೆಯಾಗಿರುತ್ತವೆ: ಬೆಣ್ಣೆಯ ನೂರು ಭಾಗದಲ್ಲಿ ಸುಮಾರು 80 ಭಾಗ ಜಿಡ್ಡು, 16 ಭಾಗ ನೀರು. ಉಂಡೆಯನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದು ಕೇವಲ ಸಂಪ್ರದಾಯವಲ್ಲ. ಉಳಿದ ಮಜ್ಜಿಗೆಯಲ್ಲಿರುವ ಸಕ್ಕರೆ ಪ್ರೋಟೀನುಗಳೇ ಬೆಣ್ಣೆಯನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಆಹಾರ. ಹರಿದ ಪೊರೆಗಳ ಬಹುಭಾಗವು ಮಜ್ಜಿಗೆಗೆ ಸೇರುವುದರಿಂದ, ಅದನ್ನು ನಿಸ್ಸಾರವೆಂದು ಚೆಲ್ಲುವುದು ಅವಿವೇಕ.

ಇಂದು ಮಿಕ್ಸಿಯಲ್ಲಿ ಕೆನೆಮೊಸರು ಕಡೆಯುವವರು, ಬೆಣ್ಣೆ ಬರಲಿಲ್ಲವೆಂದು ಅದನ್ನು ಇನ್ನಷ್ಟು ತಿರುಗಿಸದಿರಲಿ. ತಿರುಗಿದಷ್ಟೂ ಶಾಖವೇರಿ ಜಿಡ್ಡು ಕರಗುವುದು. ತಣ್ಣೀರು ಬೆರೆಸಿ ಸ್ವಲ್ಪ ಹೊತ್ತು ತಂಪಾಗಲು ಬಿಟ್ಟು, ಅನಂತರ ಮತ್ತೆ ಕಡೆದರೆ ಬೆಣ್ಣೆ ಕೂಡಿಕೊಳ್ಳುವುದು.