ಡೀಸೆಲ್ ಕಾರಿನ ಕೀಲುನೋವು

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ತಾಯ್ನಾಡು ಬಲು ದೂರ. ಅಹಮದಾಬಾದಿನಿಂದ ಬೆಂಗಳೂರಿಗೆ ರಸ್ತೆಯ ಮೂಲಕ ಸುಮಾರು 1500 ಕಿಲೋಮೀಟರು. ವಡೋದರ, ಸೂರತ್, ಮುಂಬಯಿ, ಪುಣೆ, ಕೊಲ್ಹಾಪುರಗಳ ಮಾರ್ಗವಾಗಿ ಸಾಗಿ, ನಿಪ್ಪಾಣಿಯ ಬಳಿ ಕರ್ನಾಟಕವನ್ನು ಪ್ರವೇಶಿಸುವ ಈ ದಾರಿಗೆ ಇಂದು 48ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರು. ಬೇಸಿಗೆಯ ರಜೆಯಲ್ಲಿ ವೃದ್ಧರು, ಮಕ್ಕಳು, ಸಾಮಾನುಗಳೊಡನೆ ಈ ಪ್ರಯಾಣವನ್ನು ಸ್ವಂತ ವಾಹನದಲ್ಲಿಯೇ ಕೈಗೊಳ್ಳುವ ಕುಟುಂಬಗಳು ನಮ್ಮಲ್ಲಿ ಅನೇಕ. ಇಂಧನದ ಖರ್ಚಿನಲ್ಲಿ ಉಳಿತಾಯವಾಗುವುದೆಂದು ಬಹಳ ಮಂದಿ ಹಳೆಯ ಡೀಸೆಲ್ ಕಾರನ್ನು ಕೊಳ್ಳುತ್ತಾರೆ. ಮಾರುತಿ ಸಂಸ್ಥೆಯು 2020ರಲ್ಲಿ ಡೀಸೆಲ್ ಕಾರುಗಳ ತಯಾರಿಕೆಯನ್ನು ನಿಲ್ಲಿಸಿದ್ದರಿಂದ, ಆ ಸಂಸ್ಥೆಯ ಡೀಸೆಲ್ ಕಾರು ಬೇಕೆನ್ನುವವರು ಹಲವು ವರ್ಷ ಓಡಿದ ವಾಹನವನ್ನೇ ಆರಿಸಬೇಕಾಗುತ್ತದೆ.

ಹೀಗೆ ಕೊಂಡ ಕಾರು ರಸ್ತೆಯ ಉಬ್ಬುತಗ್ಗುಗಳ ಮೇಲೆ ಹಾಯುವಾಗ ಮುಂಭಾಗದಿಂದ ‘ಖಟ್ ಖಟ್’ ಎಂಬ ಸದ್ದು ಹೊರಡುವುದು ಸರ್ವೇಸಾಮಾನ್ಯ. ಹಳೆಯ ಗಾಡಿ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕೆಲವರು ಉಪೇಕ್ಷಿಸುತ್ತಾರೆ. ಇನ್ನು ಕೆಲವರು ಗಾಬರಿಗೊಂಡು ಮೆಕ್ಯಾನಿಕ್ ಹೇಳಿದ ಭಾಗಗಳನ್ನೆಲ್ಲ ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಕಾಯಿಲೆಯನ್ನು ಗುರುತಿಸದೆ ಔಷಧ ಕೊಡಬಾರದೆಂಬ ವೈದ್ಯನೀತಿಯು ಇಲ್ಲಿಯೂ ಸಲ್ಲುತ್ತದೆ.

ಸದ್ದು ಏಕೆ ಬರುತ್ತದೆ?

ಕಾರಿನ ಚಕ್ರಕ್ಕೂ ಒಡಲಿಗೂ ನಡುವೆ ಇರುವ ಸಸ್ಪೆನ್ಷನ್ ವ್ಯವಸ್ಥೆಯು ನಮ್ಮ ಮೊಣಕಾಲಿನಂತೆಯೇ ಕೆಲಸ ಮಾಡುತ್ತದೆ. ಸ್ವಿಫ್ಟ್, ಡಿಜೈರ್ ಮೊದಲಾದ ಸಣ್ಣ ಕಾರುಗಳಲ್ಲಿ ಇರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವಿನ್ಯಾಸ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬ ಮೇಲೆ. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಎಂಬ ತೋಳು ಕೆಳಗೆ. ಈ ತೋಳಿನ ಒಂದು ತುದಿಯಲ್ಲಿ ರಬ್ಬರಿನ ಬುಷ್‌ಗಳು, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್ ಎಂಬ ಗುಂಡುಕೀಲು. ಎಡಬಲಗಳ ಓಲಾಟವನ್ನು ತಡೆಯಲು ಒಂದು ಅಡ್ಡಸರಳು ಇದ್ದು, ಅದನ್ನು ಸಣ್ಣ ಲಿಂಕ್ ರಾಡ್‌ಗಳು ಎರಡೂ ಬದಿಗಳಿಗೆ ಜೋಡಿಸುತ್ತವೆ. ಇನ್ನೋವಾದಂಥ ದೊಡ್ಡ ವಾಹನಗಳಲ್ಲಿ ಪ್ರತಿ ಬದಿಗೂ ಎರಡು ತೋಳುಗಳು ಇರುವುದರಿಂದ ಪರೀಕ್ಷಿಸಬೇಕಾದ ಕೀಲುಗಳೂ ಹೆಚ್ಚು.

ನಮ್ಮ ಕೀಲಿನಲ್ಲಿ ಮೃದ್ವಸ್ಥಿ ಸವೆದಾಗ ಮೂಳೆಗೆ ಮೂಳೆ ತಗಲುವಂತೆ, ರಬ್ಬರು ಹರಿದಾಗ ಅಥವಾ ಗುಂಡುಕೀಲು ಸವೆದಾಗ ಲೋಹಕ್ಕೆ ಲೋಹ ಬಡಿಯುತ್ತದೆ. ಡೀಸೆಲ್ ಎಂಜಿನ್ನಿನ ಒಳಒತ್ತಡ ಅಧಿಕವಾದ್ದರಿಂದ ಅದನ್ನು ಹೆಚ್ಚು ಗಟ್ಟಿಯಾಗಿ, ಭಾರವಾಗಿ ನಿರ್ಮಿಸಿರುತ್ತಾರೆ. ಆ ಹೆಚ್ಚಿನ ಭಾರವನ್ನು ಹೊರುವುದು ಮುಂಚಕ್ರಗಳೇ. ಎಂಜಿನ್ನಿನಿಂದ ಸೋರಿದ ಎಣ್ಣೆಯು ಬುಷ್‌ಗಳ ಮೇಲೆ ಬಿದ್ದರೆ ರಬ್ಬರು ಉಬ್ಬಿ ಕೆಡುತ್ತದೆ.

ಮೂರು ನಗರಗಳ ಹವಾಮಾನ

ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶ 48 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅಂಥ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ನಿಂತ ವಾಹನದ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ವಡೋದರದಲ್ಲಿ 2019ರ ಜುಲೈ ಕೊನೆಯಲ್ಲಿಯೂ 2024ರ ಆಗಸ್ಟ್‌ನಲ್ಲಿಯೂ ವಿಶ್ವಾಮಿತ್ರಿಯ ನೀರು ಬಡಾವಣೆಗಳಿಗೆ ನುಗ್ಗಿ ವಾಹನಗಳು ಮುಳುಗಿದವು. ಗುಂಡುಕೀಲಿನ ರಬ್ಬರು ಹೊದಿಕೆ ಹರಿದಿದ್ದು ಅದರೊಳಗೆ ಕೆಸರುನೀರು ಸೇರಿತೆಂದರೆ ಗ್ರೀಸು ಕೊಚ್ಚಿಹೋಗಿ ಕೀಲು ಬೇಗನೆ ಸವೆಯುತ್ತದೆ. ಆದುದರಿಂದ ವಡೋದರದ ಕಾರನ್ನು ಕೊಳ್ಳುವವರು ಅದು ನೆರೆಯಲ್ಲಿ ನಿಂತದ್ದೇ ಎಂಬುದನ್ನು ವಿಚಾರಿಸತಕ್ಕದ್ದು. ಸೀಟಿನ ಕೆಳಗಿನ ಕಬ್ಬಿಣದ ತುಕ್ಕು, ನೆಲಹಾಸಿನ ಅಡಿಯ ಒಣಮಣ್ಣು ಇವು ನಿಜ ಹೇಳುತ್ತವೆ. ಸೂರತ್, ಹಜೀರಾ ಪ್ರದೇಶದ ಉಪ್ಪುಗಾಳಿಯಿಂದ ಬೋಲ್ಟುಗಳೂ ಸ್ಪ್ರಿಂಗುಗಳೂ ತುಕ್ಕು ಹಿಡಿಯುತ್ತವೆ.

ಲಕ್ಷಣಗಳು

ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗನಿದಾನ ಆದಂತೆಯೇ.

ನಿಧಾನವಾಗಿ ಹೋಗುವಾಗ ಸಣ್ಣ ಉಬ್ಬುಗಳ ಮೇಲೆ ಬಿಡದೆ ಟಕಟಕ ಎಂದರೆ ಮೊದಲು ಲಿಂಕ್ ರಾಡನ್ನೂ ಅಡ್ಡಸರಳಿನ ಬುಷ್‌ಗಳನ್ನೂ ಶಂಕಿಸಬೇಕು. ಇವು ಅಗ್ಗದ ಭಾಗಗಳು. ಬಹಳಷ್ಟು ಸಲ ತಪ್ಪು ಇವುಗಳದ್ದೇ.

ಬ್ರೇಕ್ ಒತ್ತಿದಾಗ ಅಥವಾ ವಾಹನ ಹೊರಡುವಾಗ ಒಂದೇ ಒಂದು ಸಲ ‘ಧಡ್’ ಎಂದರೆ ಲೋವರ್ ಆರ್ಮ್ ಬುಷ್ ಹರಿದಿರಬಹುದು. ಗೇರು ಬದಲಿಸುವಾಗಲೂ ಎಂಜಿನ್ ನಿಲ್ಲಿಸುವಾಗಲೂ ಇಂಥದೇ ಸದ್ದು ಬಂದರೆ ಅದು ಸಸ್ಪೆನ್ಷನ್ ಅಲ್ಲ. ಎಂಜಿನ್ ಮೌಂಟಿಂಗ್ ರಬ್ಬರನ್ನು ನೋಡಬೇಕು. ಕಂಪನ ಹೆಚ್ಚಿರುವ ಡೀಸೆಲ್ ವಾಹನಗಳಲ್ಲಿ ಇದು ಸಾಮಾನ್ಯ.

ನಿಂತಲ್ಲಿಯೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟಣ್’ ಎಂದು ಜಿಗಿದರೆ ಕಂಬದ ಮೇಲ್ತುದಿಯ ಬೇರಿಂಗ್ ಕೆಟ್ಟಿದೆ. ಪೂರ್ತಿ ತಿರುಗಿಸಿ ಚಲಿಸುವಾಗ ‘ಕಟಕಟ’ ಎಂದರೆ ಚಕ್ರಕ್ಕೆ ಶಕ್ತಿ ಕೊಡುವ ದಂಡದ ಕೀಲು ಸವೆದಿದೆ. ದೊಡ್ಡ ಗುಂಡಿಯಲ್ಲಿ ಮಾತ್ರ ಬಡಿದರೆ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ನಿಸ್ಸತ್ವವಾಗಿರಬಹುದು.

ಪರೀಕ್ಷೆ

ಎಲ್ಲಕ್ಕೂ ಮೊದಲು ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ಪಂಕ್ಚರ್ ಹಾಕಿಸಿದ ಮೇಲೆ ಆರಂಭವಾದ ಸದ್ದಿಗೆ ಇದೇ ಕಾರಣವಾಗಿರಬಹುದು, ಇದು ಅತ್ಯಂತ ಅಪಾಯಕರವೂ ಹೌದು. ಡಿಕ್ಕಿಯಲ್ಲಿರುವ ಜಾಕ್, ಬ್ಯಾಟರಿಯ ಹಿಡಿ, ಬ್ರೇಕ್ ಪ್ಯಾಡು ಇವು ಸಡಿಲವಾಗಿದ್ದರೂ ಸದ್ದು ಬರುತ್ತದೆ.

ಅನಂತರ ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂಚಕ್ರಗಳಿಗೆ ಅಡ್ಡ ಕೊಟ್ಟು ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕೇವಲ ಜಾಕಿನ ಆಧಾರದ ಮೇಲೆ ನಿಂತ ವಾಹನದ ಕೆಳಗೆ ಯಾರೂ ಎಂದಿಗೂ ಹೋಗಕೂಡದು. ಚಕ್ರದ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸಿದಾಗ ಆಟವಾಡಿದರೆ, ಒಬ್ಬರು ಬ್ರೇಕ್ ಒತ್ತಿಹಿಡಿದು ಇನ್ನೊಬ್ಬರು ಮತ್ತೆ ಅಲುಗಿಸಬೇಕು. ಆಟ ನಿಂತರೆ ಚಕ್ರದ ಬೇರಿಂಗ್ ಸವೆದಿದೆಯೆಂದೂ, ಮುಂದುವರಿದರೆ ಬಾಲ್ ಜಾಯಿಂಟ್ ಸವೆದಿದೆಯೆಂದೂ ಊಹಿಸಬಹುದು. ಎಡ ಮತ್ತು ಬಲ ಅಂಚುಗಳನ್ನು ಹಿಡಿದಾಗ ಮಾತ್ರ ಅಲುಗಿದರೆ ದೋಷ ಸ್ಟಿಯರಿಂಗಿನ ಟೈ ರಾಡ್ ಕೀಲಿನದು. ಬುಷ್‌ಗಳನ್ನು ಸರಳಿನಿಂದ ಮೀಟಿ ನೋಡಿದರೆ ಹರಿದದ್ದು ಕಣ್ಣಿಗೆ ಕಾಣುತ್ತದೆ.

ಇವುಗಳಲ್ಲಿ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ವಿಷಯದಲ್ಲಿ ತಾಳ್ಮೆ ಸಲ್ಲದು. ಲಿಂಕ್ ರಾಡ್ ಕೆಟ್ಟರೆ ಕಿವಿಗೆ ಕಿರಿಕಿರಿ, ತಿರುವುಗಳಲ್ಲಿ ಹೆಚ್ಚಿನ ಓಲಾಟ. ಆದರೆ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಹೊರಕ್ಕೆ ಮಡಚಿಕೊಂಡು ಕಾರು ಕೈತಪ್ಪುತ್ತದೆ. ಅಹಮದಾಬಾದ್ ಮತ್ತು ವಡೋದರಗಳ ನಡುವಣ ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗದಲ್ಲಿ ಇದು ಸಂಭವಿಸಿದರೆ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಚಿಕಿತ್ಸೆ

ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಎರಡೂ ಬದಿಗಳಲ್ಲಿ ಒಟ್ಟಿಗೇ ಬದಲಿಸುವುದು ಲೇಸು. ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದು. ಅದುಮಿಟ್ಟ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೇ ಅಪಾಯ.

ಲೋವರ್ ಆರ್ಮ್ ಬುಷ್‌ಗಳ ವಿಷಯದಲ್ಲಿ ಅನೇಕ ಗ್ಯಾರೇಜುಗಳಲ್ಲಿ ಒಂದು ಅಜಾಗರೂಕತೆ ನಡೆಯುತ್ತದೆ. ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕಾರು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು ಸದಾ ಎಳೆತದಲ್ಲಿಯೇ ಉಳಿಯುತ್ತದೆ. ಹೊಸ ಬುಷ್ ಕೆಲವೇ ತಿಂಗಳುಗಳಲ್ಲಿ ಹರಿಯುತ್ತದೆ. ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ಅನಂತರವೇ ಆ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯಬೇಕು, ಅದೂ ತಯಾರಕರು ಹೇಳಿದ ಅಳತೆಗೆ. ಕೆಲಸ ಮುಗಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ. ಅಂಬಾಸಡರಿನ ಕಾಲದಂತೆ ಗ್ರೀಸು ತುಂಬಿ ಸದ್ದಡಗಿಸುವ ಉಪಾಯ ಈಗಿನ ಮುಚ್ಚುಕೀಲುಗಳಿಗೆ ನಡೆಯದು.

ಗ್ಯಾರೇಜಿನಲ್ಲಿ

ಭಾಷೆ ತೊಡಕಾಗದಿರಲೆಂದು ಹೊಸದಾಗಿ ಬಂದವರಿಗೆ ಎರಡು ಮಾತು. ‘ಆಗಳಥೀ ಖಟ್‌ಖಟ್ ಅವಾಜ್ ಆವೇ ಛೇ’ ಎಂದರೆ ಮುಂದಿನಿಂದ ಸದ್ದು ಬರುತ್ತಿದೆ ಎಂದರ್ಥ. ಎಡಬದಿ ‘ಡಾಬೀ ಬಾಜು’, ಬಲಬದಿ ‘ಜಮಣೀ ಬಾಜು’. ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಬರುವ ರಸ್ತೆಯಲ್ಲಿಯೇ ಒಮ್ಮೆ ಹೋಗಿಬರುವುದು ನೂರು ವಿವರಣೆಗಿಂತ ಮೇಲು. ಬದಲಿಸುವ ಮುನ್ನ ದೋಷವನ್ನು ಕಣ್ಣಾರೆ ತೋರಿಸುವಂತೆ ಕೇಳುವುದೂ, ಬಿಚ್ಚಿದ ಹಳೆಯ ಭಾಗವನ್ನು ಪಡೆಯುವುದೂ ಗಿರಾಕಿಯ ಹಕ್ಕು.

ಪ್ರಯಾಣಿಕರ ಬೆನ್ನಿಗೂ ಹಿತ

ಶಾಕ್ ಅಬ್ಸಾರ್ಬರ್ ಕೆಟ್ಟ ವಾಹನದ ಕುಲುಕಾಟವೆಲ್ಲ ಕುಳಿತವರ ಬೆನ್ನುಹುರಿಯ ಕಂಬಕ್ಕೇ ತಟ್ಟುತ್ತದೆ. ದೀರ್ಘಕಾಲದ ಕಂಪನಕ್ಕೂ ಸೊಂಟನೋವಿಗೂ ಸಂಬಂಧವಿರುವುದನ್ನು ಚಾಲಕವೃತ್ತಿಯವರಲ್ಲಿ ಗುರುತಿಸಲಾಗಿದೆ. ಮೂಳೆ ಸವೆದ ವೃದ್ಧರಿಗೆ ಒಂದು ದೊಡ್ಡ ಜಗ್ಗಾಟವೂ ಕೆಡುಕುಂಟುಮಾಡಬಲ್ಲದು. ಅಂಥವರನ್ನು ಹಿಂಭಾಗದ ಕೊನೆಯ ಸೀಟಿನಲ್ಲಿ ಕೂರಿಸದಿರುವುದು ಒಳಿತು. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಎಲ್ಲರೂ ಇಳಿದು ನಡೆದಾಡಬೇಕು.

ಊರಿಗೆ ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಓಡುವ ಬದಲು ಎರಡು ವಾರ ಮೊದಲೇ ಈ ಪರೀಕ್ಷೆ ಮಾಡಿಸುವುದು ಜಾಣತನ. ದುರಸ್ತಿಯಾದ ಬಳಿಕ ನಗರದಲ್ಲಿ ಕೆಲವು ನೂರು ಕಿಲೋಮೀಟರು ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ನೋಡಿಸಿ ಹೊರಟರೆ ಪ್ರಯಾಣ ನಿಶ್ಚಿಂತೆ. ವಾಹನದ ಸದ್ದು ಜ್ವರದಂತೆ ಒಂದು ಸೂಚನೆ. ಅದನ್ನು ಅಡಗಿಸುವುದಕ್ಕಿಂತ ಅದು ಹೇಳುವುದನ್ನು ಕೇಳಿ, ಮೂಲವನ್ನು ಹುಡುಕಿ ನಿವಾರಿಸುವುದೇ ನಮ್ಮವರ ಕ್ಷೇಮಕ್ಕೆ ದಾರಿ.